ಆರು ಕೊಡ ಒಳ್ಳೆ ನೀರು

ಈ ಭಾನುವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದು ಮಂಚದ ಮೇಲೆ ಕುಳಿತವಳು ಕುಳಿತಷ್ಟೇ ಬೇಗ ಎದ್ದೆ. ನನ್ನ ಮಗ್ಗುಲಿನ ಹಾಸಿಗೆಯ ಮೇಲೆ ಒದ್ದೆ ಟವೆಲು ಬಿದ್ದಿತ್ತು. ಮುದುರಿ ಎಸೆದದ್ದು, ನಿನ್ನೆಯ ತೇವ, ಮೊನ್ನೆಯ ತೇವ ಎಲ್ಲವನ್ನೂ ಕೂಡಿಸಿಟ್ಟುಕೊಂಡು ಹುಳಿ ವಾಸನೆ ಹೊಡೆಯುತ್ತಿತ್ತು. ಟವೆಲಿನ ಒಡೆಯರು, ಎಂದರೆ ನನ್ನ ಯಜಮಾನರು, ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದರು. ಮೆಟ್ಟುಪಾಳ್ಯದ ತರಕಾರಿ ಮಂಡಿಯವರ ಮನೆಯ ಹುಡುಗ. ಭಾನುವಾರದ ಅಡುಗೆ ತನ್ನದೇ ಎಂದು ಮದುವೆಯಾದ ವಾರವೇ ಸಾರಿದ ಪುಣ್ಯಾತ್ಮ. ಮನೆಮಾತು ತಮಿಳು. ಕನ್ನಡದಲ್ಲಿ ಅವರಿಗೆ ಬರುವುದು 'ಊಟ ಆಯ್ತಾ' ಒಂದೇ. ಅದನ್ನೂ ನಮ್ಮಮ್ಮ ಫೋನ್ ಮಾಡಿದಾಗ ಬೆಳಿಗ್ಗೆ ಏಳಕ್ಕೆ ಕೇಳುತ್ತಾರೆ.

"ಏನುಂಗ, ಟವೆಲು" ಎಂದು ಕೂಗಿದೆ. "ಇದೋ" ಎಂದು ಉತ್ತರ ಬಂತು. ಮೂರು ವರ್ಷದಿಂದ ಆ 'ಇದೋ' ತಪ್ಪದೆ ಬರುತ್ತಿದೆ, ಟವೆಲು ಮಾತ್ರ ಇದ್ದಲ್ಲಿಂದ ಕದಲಿಲ್ಲ.

ಜಗಳ ತೆಗೆಯೋಣವೇ ಬೇಡವೇ ಎಂದು ಯೋಚಿಸುತ್ತ ಟವೆಲನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದೆ ನೋಡಿ, ಆ ಹುಳಿ ವಾಸನೆ ನೇರವಾಗಿ ನನ್ನನ್ನು ತುಡಿಯಲೂರಿಗೆ ಕರೆದುಕೊಂಡು ಹೋಯಿತು. ಒದ್ದೆ ಟವೆಲನ್ನು ಇನ್ನೊಬ್ಬರ ಹಾಸಿಗೆಯ ಮೇಲೆ ಎಸೆಯುವ ವಿದ್ಯೆಯಲ್ಲಿ ನನ್ನ ಯಜಮಾನರು ಇನ್ನೂ ವಿದ್ಯಾರ್ಥಿ. ಅದರಲ್ಲಿ ಪಂಡಿತಳಾಗಿದ್ದವಳು ಮೇಘನಾ.

ಹತ್ತು ಹನ್ನೊಂದು ವರ್ಷದ ಹಿಂದಿನ ಮಾತು. ಕೊಯಮತ್ತೂರಿನಲ್ಲಿ ಓದುತ್ತಿದ್ದೆ. ತುಡಿಯಲೂರಿನ ಒಂದು ಮಹಡಿ ಮನೆಯಲ್ಲಿ ಮೂವರು ಹುಡುಗಿಯರು ಸೇರಿ ಬಾಡಿಗೆಗಿದ್ದೆವು. ಒಂದು ಕೋಣೆ, ಇಬ್ಬರು ನಿಂತರೆ ಮೂರನೆಯವಳು ಹೊರಗೇ ಉಳಿಯಬೇಕಾದ ಅಡುಗೆಮನೆ, ಮೇಲೆ ತಾರಸಿ. ಪಕ್ಕದ ಲೇತ್ ವರ್ಕ್‌ಶಾಪಿನವರು ದಿನವಿಡೀ ಕಬ್ಬಿಣ ಉಜ್ಜುತ್ತಿದ್ದರು. ಕೆಳಗೆ ಮನೆ ಓನರಮ್ಮ. ಮೂವರಲ್ಲಿ ಸ್ಟೆಲ್ಲಾ ವಾಲ್ಪಾರೈನ ಟೀ ತೋಟದ ಕೆಲಸಗಾರರ ಲೈನ್ ಮನೆಯಲ್ಲಿ ಬೆಳೆದವಳು. ಘಾಟಿ ಬಸ್ಸಿನಲ್ಲಿ ವಾಂತಿ ಮಾಡದೆ ಇಳಿಯುವ ಮನುಷ್ಯರು ಭೂಮಿಯ ಮೇಲೆ ತನ್ನ ಕುಟುಂಬದವರು ಮಾತ್ರ ಎಂದು ಅವಳ ನಂಬಿಕೆ. ನಾನು ಅವಿನಾಶಿಯ ಕಡೆಯ ನೇಯ್ಗೆಯವರ ಮನೆಯವಳು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ನಮ್ಮ ಮನೆಯಲ್ಲಿ ಕನ್ನಡ ಓದಲು ಬರುತ್ತಿದ್ದವರು ಯಾರೂ ಇರಲಿಲ್ಲ, ಮಾತಾಡದವರೂ ಇರಲಿಲ್ಲ.

ಮೇಘನಾ ಕೊನೆಗೆ ಬಂದು ಸೇರಿದವಳು. ತುಮಕೂರಿನವಳು. ಎರಡು ಸೂಟ್‌ಕೇಸು, ಒಂದು ಗಿಡದ ಕುಂಡ ಹೊತ್ತು ಮೆಟ್ಟಿಲು ಹತ್ತಿ ಬಂದು, ಏದುಸಿರು ಬಿಡುತ್ತ, ನನ್ನ ಮುಖ ನೋಡಿ ಕೇಳಿದ ಮೊದಲ ಮಾತು: "ನಿಮಗೆ ಕನ್ನಡ ಬರುತ್ತಾ?"

ಎಷ್ಟು ಆಸೆಯಿಂದ ಕೇಳಿದಳೆಂದರೆ, ಕಲ್ಲಾಗಿದ್ದರೂ ಹೂಂ ಅನ್ನುತ್ತಿತ್ತು. ನಾನು "ತೆರಿಯಾದು" ಎಂದುಬಿಟ್ಟೆ. ಗೊತ್ತಿಲ್ಲ ಎಂದು, ಅದೂ ತಮಿಳಿನಲ್ಲಿ.

ಯಾಕೆ ಅಂದೆ ಎಂದು ಹೇಳಬೇಕು, ಇಲ್ಲದಿದ್ದರೆ ನೀವು ನನ್ನನ್ನು ಕೆಟ್ಟವಳೆಂದುಕೊಳ್ಳುತ್ತೀರಿ. ನಾನು ಐದನೇ ಕ್ಲಾಸಿನಲ್ಲಿದ್ದಾಗ ಮೈಸೂರಿನಲ್ಲಿ ದೂರದ ನೆಂಟರ ಮದುವೆ. ಇಡೀ ಊರೇ ಕನ್ನಡ ಮಾತಾಡುತ್ತದಂತೆ ಎಂದು ಕುಣಿದುಕೊಂಡು ಹೋಗಿದ್ದೆ. ಛತ್ರದಲ್ಲಿ ತಣ್ಣನೆಯ ನೀರು ಕುಡಿಯಬೇಕೆನಿಸಿತು. ಬಡಿಸುತ್ತಿದ್ದ ಹುಡುಗಿಯನ್ನು ಬಹಳ ಮರ್ಯಾದೆಯಿಂದ ಕೇಳಿದೆ: "ಅಕ್ಕಾ, ಜಿಲ್ಲುನ್ನು ನೀರಿದ್ರೆ ಒಂದು ಲೋಟ ಕೊಡುಂಗ." ಪಂಕ್ತಿಯಲ್ಲಿದ್ದ ಮಕ್ಕಳೆಲ್ಲ ನಕ್ಕರು. "ಇದ್ಯಾವ ಕನ್ನಡ?" ಎಂದು ಒಬ್ಬ ದೊಡ್ಡವನು ಕೇಳಿದ. ಆಮೇಲೆ ಎರಡು ದಿನ ಆ ಮಕ್ಕಳು ನನ್ನ ಹಿಂದೆಯೇ "ಕೊಡುಂಗ, ಕೊಡುಂಗ" ಎನ್ನುತ್ತ ತಿರುಗಿದವು. ನಮ್ಮಜ್ಜಿ, ನಮ್ಮಪ್ಪ, ನಮ್ಮ ಬೀದಿಯವರೆಲ್ಲ ಹುಟ್ಟಿದಾಗಿನಿಂದ ಆಡುತ್ತಿದ್ದ ಮಾತು ನಗುವ ಸರಕು ಎಂದು ನನಗೆ ಆವತ್ತು ತಿಳಿಯಿತು. ಅವತ್ತಿನಿಂದ ಕರ್ನಾಟಕದವರ ಎದುರು ನನಗೆ ಕನ್ನಡ ಬಾರದು.

ಇನ್ನು ನೀರಿನ ವಿಷಯ. ನಮ್ಮ ಕಡೆ ಎರಡು ನೀರು: ಬೋರಿನ ಉಪ್ಪು ನೀರು, ನಲ್ಲಿಯ ಒಳ್ಳೆ ನೀರು. ಉಪ್ಪು ನೀರು ಯಾವಾಗಲೂ ಬರುತ್ತದೆ; ಸ್ನಾನಕ್ಕೆ, ಬಟ್ಟೆಗೆ. ಒಳ್ಳೆ ನೀರು ಎಂಟು ದಿನಕ್ಕೋ ಹತ್ತು ದಿನಕ್ಕೋ ಒಮ್ಮೆ ಬರುತ್ತದೆ; ಕುಡಿಯಲು, ಅಡುಗೆಗೆ. ಕೊಯಮತ್ತೂರಿನವರಿಗೆ ತಮ್ಮೂರ ನೀರಿನ ರುಚಿಯ ಬಗ್ಗೆ ಎಷ್ಟು ಹೆಮ್ಮೆಯೆಂದರೆ, ಬೇರೆ ಊರಿಗೆ ಹೋಗಿ ಬಂದವರು ಮೊದಲು ಒಂದು ಲೋಟ ನೀರು ಕುಡಿದು ಆಮೇಲೆ ಚಪ್ಪಲಿ ಬಿಡುತ್ತಾರೆ. ನೀರು ಬಂದ ಬೆಳಿಗ್ಗೆ ಓನರಮ್ಮ ಕೆಳಗಿಂದ "ತಣ್ಣಿ ವಂದುರುಚ್ಚು!" ಎಂದು ಕೂಗುತ್ತಿದ್ದರು. ನಮ್ಮ ಪಾಲು ಆರು ಕೊಡ, ತಲೆಗೆ ಎರಡು. ನಲ್ಲಿಯ ಹತ್ತಿರ ನಿಂತು ತುಂಬಿಸಿ, ಎಣಿಸಿ, ಮೇಲಕ್ಕೆ ಸಾಗಿಸುವ ಉಸ್ತುವಾರಿ ನನ್ನದು. ಎಣಿಸುವುದರಲ್ಲಿ ನೇಯ್ಗೆಯವರ ಮಕ್ಕಳನ್ನು ಯಾರೂ ಮೀರಿಸಲಾರರು ಎಂದು ನಾನೇ ನನ್ನನ್ನು ನೇಮಿಸಿಕೊಂಡಿದ್ದೆ.

ಮೇಘನಾ ಬಂದ ಎರಡನೆಯ ವಾರ ಒಳ್ಳೆ ನೀರು ನಾಲ್ಕೇ ದಿನಕ್ಕೆ ಮುಗಿಯಿತು. ಮುಂದಿನ ಸಲ ನೀರು ಬಂದಾಗ ಕಾರಣ ಕಣ್ಣಾರೆ ಕಂಡೆ. ಮಹಾರಾಣಿ ಬಚ್ಚಲಲ್ಲಿ ಕೂತು ನಮ್ಮ ಕುಡಿಯುವ ನೀರಿನ ಕೊಡದಿಂದ ಚೊಂಬು ಚೊಂಬಾಗಿ ಎತ್ತಿ ತಲೆಗೆ ಹುಯ್ದುಕೊಳ್ಳುತ್ತಿದ್ದಳು. ಶಾಂಪೂ ನೊರೆಯ ಜೊತೆ ಸ್ಟೆಲ್ಲಾಳ ಎರಡು ದಿನದ ಟೀ, ನನ್ನ ಮೂರು ದಿನದ ಸಾರು ಮೋರಿಯಲ್ಲಿ ಹರಿದುಹೋಗುತ್ತಿತ್ತು. ನನ್ನ ಹೊಟ್ಟೆ ಉರಿಯಿತು. ಬೈಯೋಣವೆಂದರೆ ಯಾವ ಭಾಷೆಯಲ್ಲಿ? ತಮಿಳು ಅವಳಿಗೆ ಬರದು. ನನ್ನ ಇಂಗ್ಲಿಷು ಪರೀಕ್ಷೆಗೆ ಬರೆಯುವ ಇಂಗ್ಲಿಷು, ಜಗಳಕ್ಕೆ ಒದಗುವುದಲ್ಲ. ಕನ್ನಡ ನನಗೆ ಬಾರದು, ನಾನೇ ಹೇಳಿದ್ದೇನೆ. ಹೀಗೆ ಮೂರು ಭಾಷೆ ಇಟ್ಟುಕೊಂಡು ಮೂಕಿಯಾಗಿ ನಿಂತೆ.

ನಿಂತವಳು ಸುಮ್ಮನಿದ್ದೆನೇ? ಅವಳ ಎದುರಿಗೇ ಸ್ಟೆಲ್ಲಾಳ ಹತ್ತಿರ ತಮಿಳಿನಲ್ಲಿ, ಮುಖದಲ್ಲಿ ನಗು ಇಟ್ಟುಕೊಂಡು, ಅವಳ ಗುಣಗಾನ ಮಾಡುತ್ತಿದ್ದೆ. ಒದ್ದೆ ಟವೆಲು ನನ್ನ ಹಾಸಿಗೆಯ ಮೇಲೆ. ಅಲಾರಾಂ ಐದು ಸಲ ಹೊಡೆಯುತ್ತದೆ, ಅವಳ ಹೊರತು ಎಲ್ಲರೂ ಏಳುತ್ತೇವೆ. ಪಾತ್ರೆ ತೊಳೆಯಬೇಕಾದೀತೆಂದು ತಳದಲ್ಲಿ ಒಂದು ಚಮಚ ಪಲ್ಯ ಉಳಿಸುತ್ತಾಳೆ. ಸ್ಟೆಲ್ಲಾ ಟೀ ಹೀರುತ್ತ, "ಏ ಪುಳ್ಳೆ, ಅವಳಿಗೇ ಹೇಳು. ನಂಗೆ ಯಾಕೆ ಹೇಳ್ತೀಯ?" ಎನ್ನುತ್ತಿದ್ದಳು. ಸ್ಟೆಲ್ಲಾಳದು ಯಾವಾಗಲೂ ಇಂಥ ಉಪಯೋಗಕ್ಕೆ ಬಾರದ ಸಲಹೆ.

ಆಗ ಶುರುವಾದದ್ದು ಫೋನು. ಕಾಲೇಜು ಮುಗಿಸಿ ಮಧ್ಯಾಹ್ನ ಮೂರಕ್ಕೆ ನಾವಿಬ್ಬರೂ ಮನೆ ಸೇರುತ್ತಿದ್ದೆವು. ಸ್ಟೆಲ್ಲಾ ಬರುವುದು ಸಂಜೆ. ಮೇಘನಾ ಅಡುಗೆಮನೆಯ ಬಾಗಿಲಿಗೆ ಒರಗಿ, ಪಾತ್ರೆ ತೊಳೆಯುತ್ತಿದ್ದ ನನಗೆ ಬೆನ್ನು ಮಾಡಿ, ತುಮಕೂರಿಗೆ ಫೋನ್ ಹಚ್ಚುತ್ತಿದ್ದಳು.

"ಅಮ್ಮಾ, ಇಲ್ಲೊಬ್ಬಳಿದ್ದಾಳೆ. ಬೆಳಿಗ್ಗೆ ಐದಕ್ಕೆ ಎದ್ದು ಪಾತ್ರೆ ಬಡೀತಾಳೆ. ಯಾರ ಮೇಲಿನ ಸಿಟ್ಟೋ ಏನೋ."

ನನ್ನ ಕೈಯಲ್ಲಿದ್ದ ಬಾಣಲೆ ಜಾರಿತು. ನಾನು ಪಾತ್ರೆ ಬಡಿಯುತ್ತೇನೆಯೇ? ಮಗ್ಗದ ಸದ್ದಿನ ನಡುವೆ ಬೆಳೆದ ಮನೆ ನಮ್ಮದು. ಅಲ್ಲಿ ಮೆಲ್ಲಗೆ ಇಟ್ಟ ಪಾತ್ರೆ ಇಟ್ಟ ಹಾಗೇ ಅಲ್ಲ. ಮಾರನೆಯ ದಿನ ಪಾತ್ರೆಯಡಿಗೆ ಹಳೇ ಪಂಚೆ ಹಾಸಿದೆ. ಒಳಗೊಳಗೇ ನಗು: ಅವಳ ಗುಟ್ಟು ನನಗೆ ಗೊತ್ತು, ನನ್ನ ಗುಟ್ಟು ಅವಳಿಗಿಲ್ಲ.

ಎರಡು ದಿನ ಬಿಟ್ಟು: "ಅಮ್ಮಾ, ಅವಳು ಎಣ್ಣೆ ತಲೇನ ನನ್ನ ದಿಂಬಿಗೆ ಒರಗಿಸ್ಕೊಂಡು ಓದ್ತಾಳೆ. ದಿಂಬು ಬೋಂಡಾ ಆಗಿದೆ." ನಾನು ದಿಂಬು ಬದಲಿಸಿದೆ. "ಅಮ್ಮಾ, ನನ್ನ ಚಟ್ನಿಪುಡಿ ಡಬ್ಬಿ ಇಳಿದುಹೋಗ್ತಿದೆ. ಕೇಳಿ ತಿಂದ್ರೆ ನಾನೇ ಕೊಡಲ್ವಾ?" ಅದೂ ನಾನೇ. ಹೋಗಲಿ ಬಿಡಿ, ಆ ಚಟ್ನಿಪುಡಿ ತಿಂದಿದ್ದರೆ ನೀವೂ ಕದಿಯುತ್ತಿದ್ದಿರಿ. ಒಟ್ಟಿನಲ್ಲಿ ಆ ಮೂರು ಗಂಟೆಯ ಫೋನಿನಿಂದ ನನಗೆ ತಿಳಿದದ್ದು: ಇನ್ನೊಬ್ಬರ ಹಿತ ನೋಡದೆ ಬದುಕುವ ಹುಡುಗಿ ಆ ಮನೆಯಲ್ಲಿ ಮೇಘನಾ ಒಬ್ಬಳೇ ಅಲ್ಲ.

ಒಂದು ಮಾತ್ರ ನನಗೆ ಸೋಜಿಗ. ಅವಳ ಅಮ್ಮ ಎಂಥ ತಾಯಿ ಮಹಾತಾಯಿ, ನಡುವೆ ಬಾಯೇ ಹಾಕುವುದಿಲ್ಲವಲ್ಲ ಎಂದು. ನಮ್ಮಮ್ಮನಾಗಿದ್ದರೆ ಮೊದಲ ವಾಕ್ಯಕ್ಕೇ ಹತ್ತು ಪ್ರಶ್ನೆ ಕೇಳುತ್ತಿದ್ದಳು.

ನಿಜ ಹೇಳುತ್ತೇನೆ, ನಾನು ಆ ಫೋನಿಗೆ ಕಾಯತೊಡಗಿದ್ದೆ. ಬೈಗುಳಕ್ಕಾಗಿ ಅಲ್ಲ. ಕನ್ನಡವೆಂದರೆ ನನಗೆ ನಮ್ಮ ಮನೆಯ ಹತ್ತು ಜನ, ನಮ್ಮ ಬೀದಿ. ಬಸ್ಸಿನಲ್ಲಿ, ಸಂತೆಯಲ್ಲಿ ದನಿ ತಗ್ಗಿಸಿ ಆಡುವ ಮಾತು. ಅದನ್ನೇ ಒಬ್ಬ ಹುಡುಗಿ ದನಿ ತಗ್ಗಿಸದೆ, ಯಾವ ಅಳುಕೂ ಇಲ್ಲದೆ, ಬಾಗಿಲಿಗೆ ಒರಗಿಕೊಂಡು ಆಡುತ್ತಿದ್ದಳು. ಕೇಳುತ್ತಿದ್ದರೆ ಊರಿಗೆ ಹೋಗಿ ಬಂದ ಹಾಗಾಗುತ್ತಿತ್ತು. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತ ನಿಲ್ಲುತ್ತಿದ್ದೆ.

ಇಷ್ಟಿದ್ದೂ ತಲೆಗೆ ನೀರು ಹುಯ್ದುಕೊಳ್ಳುವುದನ್ನು ಅವಳು ಬಿಡಲಿಲ್ಲ, ನಾನು ಸಿಟ್ಟನ್ನು ಬಿಡಲಿಲ್ಲ. ಒಂದು ಶುಕ್ರವಾರ ರಾತ್ರಿ ನನ್ನ ತಲೆಗೆ ಒಂದು ಘನವಾದ ಉಪಾಯ ಹೊಳೆಯಿತು. ಉಳಿದಿದ್ದ ಎರಡು ಕೊಡ ಒಳ್ಳೆ ನೀರನ್ನು ನನ್ನ ಮಂಚದ ಕೆಳಗಿನ ಸ್ಟೀಲ್ ಡ್ರಮ್ಮಿಗೆ ಸುರಿದು, ಮೇಲೊಂದು ಹಳೇ ಸೀರೆ ಹೊದಿಸಿದೆ. ಖಾಲಿ ಕೊಡಗಳಿಗೆ ಬೋರಿನ ನೀರು ತುಂಬಿ ಮೊದಲಿದ್ದ ಜಾಗದಲ್ಲಿ ಇಟ್ಟೆ. ಹುಯ್ದುಕೋ ತಾಯಿ, ಎಷ್ಟು ಬೇಕಾದರೂ ಹುಯ್ದುಕೋ.

ಆದರೆ ಶನಿವಾರ ಬೆಳಿಗ್ಗೆ ನನಗಿಂತ ಮೊದಲೇ ಎದ್ದು ಆ ಕೊಡಕ್ಕೆ ಲೋಟ ಅದ್ದಿದವಳು ಸ್ಟೆಲ್ಲಾ. ಅವಳ ಅಪ್ಪ ತೋಟದಿಂದ ಕಳಿಸಿದ ಹೊಸ ಟೀ ಪುಡಿ ಆವತ್ತೇ ಒಡೆದದ್ದು. ಮೂರು ಲೋಟ ಮಾಡಿ, ತಾನೊಂದು ಗುಟುಕು ಕುಡಿದು, ಲೋಟ ಕೆಳಗಿಟ್ಟಳು. "ಇದು ಟೀ ಅಲ್ಲ" ಎಂದಳು. "ನಮ್ಮಮ್ಮ ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು ಕಿತ್ತ ಎಲೆ ಇದು. ಇದಕ್ಕೆ ಉಪ್ಪು ನೀರು ಹಾಕಿಸಿದವರು ಯಾರು?" ಜಗಳವಾಡದ ಸ್ಟೆಲ್ಲಾ ಬಗ್ಗಿ ಒಂದೊಂದೇ ಮಂಚದ ಕೆಳಗೆ ನೋಡಿದಳು. ಸೀರೆ ಎಳೆದಳು. ಡ್ರಮ್ಮು ಹೊಳೆಯಿತು. ನಾನು ಪುಸ್ತಕದಲ್ಲಿ ಮುಖ ಹುದುಗಿಸಿದೆ, ಪುಸ್ತಕ ತಲೆಕೆಳಗಾಗಿತ್ತು.

ಮೇಘನಾ ಡ್ರಮ್ಮು ನೋಡಿದಳು, ನನ್ನನ್ನು ನೋಡಿದಳು. ಮಾರನೆಯ ದಿನ ಭಾನುವಾರ, ಫೋನಿಲ್ಲ. ಸೋಮವಾರ ಮೂರು ಗಂಟೆಗೆ ಫೋನ್ ಕಿವಿಗಿಟ್ಟಳು.

"ಅಮ್ಮಾ, ನಾನು ಈ ಮೂವತ್ತಕ್ಕೆ ಹಾಸ್ಟೆಲ್ಲಿಗೆ ಹೋಗ್ತೀನಿ. ನೀರು ಬಚ್ಚಿಟ್ಟಿದ್ದಕ್ಕಲ್ಲ. ನನ್ನ ಮೇಲೆ ಅಷ್ಟು ಕೋಪ ಇದ್ರೆ ಬಾಯಿಬಿಟ್ಟು ಬೈಬಹುದಿತ್ತು. ಆರು ತಿಂಗಳಾಯ್ತು, ನನ್ನ ಹತ್ರ ಒಂದು ಮಾತೂ ಆಡಿಲ್ಲ ಅವಳು. ಗೋಡೆ ಜೊತೆ ಎಷ್ಟು ದಿನ ಇರ್ಲಿ?"

ದನಿ ಒಡೆದಿತ್ತು. ನಾನು ಉಜ್ಜಿದ ತಟ್ಟೆಯನ್ನೇ ಉಜ್ಜುತ್ತ ನಿಂತೆ. ಪೀಡೆ ತೊಲಗಿತು ಎಂದು ಖುಷಿಯಾಗಬೇಕಿತ್ತು ಅಲ್ಲವೇ? ಆಗಲಿಲ್ಲ. ಇವಳು ಹೋದರೆ ಮೂರು ಗಂಟೆ ಹೋಗುತ್ತದೆ, ಬಾಗಿಲಿಗೆ ಒರಗಿದ ಆ ಕನ್ನಡ ಹೋಗುತ್ತದೆ. ಉಳಿಸಿಕೊಳ್ಳಬೇಕೆಂದರೆ ಬಾಯಿ ಬಿಡಬೇಕು. ಬಿಟ್ಟರೆ 'ಇದ್ಯಾವ ಕನ್ನಡ' ಎಂದು ನಕ್ಕಾಳು. ಅದಕ್ಕಿಂತ ದೊಡ್ಡದು, ಆರು ತಿಂಗಳು ಕದ್ದು ಕೇಳಿದ್ದು ಗೊತ್ತಾಗುತ್ತದೆ. ಹದಿಮೂರು ದಿನ ಬಾಕಿ ಇತ್ತು. ಹತ್ತು ದಿನ ಕನ್ನಡಿಯ ಮುಂದೆ ನಿಂತು ಒಳ್ಳೆ ಕನ್ನಡದಲ್ಲಿ ಒಂದು ವಾಕ್ಯ ತಯಾರು ಮಾಡಿದೆ. ಅದರಲ್ಲಿ 'ದಯವಿಟ್ಟು' ಇತ್ತು, 'ಕ್ಷಮಿಸಿ' ಇತ್ತು, 'ಬಯಸುತ್ತೇನೆ' ಕೂಡ ಇತ್ತು. ಅವಳ ಮುಂದೆ ಹೋದರೆ ಒಂದೂ ಬಾಯಿಗೆ ಬರುತ್ತಿರಲಿಲ್ಲ.

ಇಪ್ಪತ್ತೆಂಟರ ಬೆಳಿಗ್ಗೆ "ತಣ್ಣಿ ವಂದುರುಚ್ಚು!" ಎಂದು ಓನರಮ್ಮ ಕೂಗಿದರು. ಸ್ಟೆಲ್ಲಾ ಊರಿಗೆ ಹೋಗಿದ್ದಳು. ನಾವಿಬ್ಬರೇ. ನಾನು ಕೆಳಗೆ ನಿಂತು ತುಂಬಿಸಿದೆ, ಅವಳು ಮಾತಿಲ್ಲದೆ ಮೇಲಕ್ಕೆ ಹೊತ್ತಳು. ಐದು ಕೊಡವಾಯಿತು. ಆರನೆಯದನ್ನು ಸೊಂಟಕ್ಕೇರಿಸಿಕೊಂಡು ಅವಳು ಮೂರು ಮೆಟ್ಟಿಲು ಹತ್ತಿದ್ದಳು. ಕನ್ನಡಿಯ ಮುಂದಿನ ವಾಕ್ಯವೆಲ್ಲ ಎಲ್ಲಿ ಹೋಯಿತೋ, ಬಾಯಿಂದ ಬಂದದ್ದು ಇದು:

"ನೀ ಹೋಗ್ಬ್ಯಾಡ. ತಪ್ಪು ನಂದೇ. ನಂಗೆ ಕನ್ನಡ ಸುಮಾರಾ ಬರ್ತದೆ. ನೀ ಇರುಂಗ."

ನೀ ಎಂದು ಶುರುಮಾಡಿ ಇರುಂಗ ಎಂದು ಮುಗಿಸಿದ್ದೆ. ಸಲಿಗೆಯೂ ಮರ್ಯಾದೆಯೂ ಒಟ್ಟಿಗೇ. ಅವಳ ನಗು ಈಗ ಬರುತ್ತದೆ ಎಂದು ಕಣ್ಣು ಮುಚ್ಚಿಕೊಂಡೆ. ಬರಲಿಲ್ಲ. ಕೊಡ ಮೆಟ್ಟಿಲ ಮೇಲೆ ಇಟ್ಟ ಸದ್ದು ಕೇಳಿತು.

"ಅಬ್ಬ, ಅಂತೂ ಬಾಯಿಬಿಟ್ಟೆಯಲ್ಲ" ಎಂದಳು ಮೇಘನಾ. "ನಿಂಗೆ ಕನ್ನಡ ಬರುತ್ತೆ ಅಂತ ನಂಗೆ ಮೊದಲನೇ ಸಲ ನೀರು ಬಂದ ದಿನವೇ ಗೊತ್ತು ಕಣೆ."

"ಹೆಂಗೆ?"

"ಕೊಡ ಎಣಿಸ್ತಿದ್ದೆಯಲ್ಲ. ಲಾಭ, ಎರಡು, ಮೂರು ಅಂತ. ನಮ್ಮಜ್ಜಿ ರಾಗಿ ಅಳೆಯುವಾಗ ಹಾಗೇ ಅನ್ನೋರು. ಇವತ್ತೂ ಹಾಗೇ ಎಣಿಸಿದೆ."

ನಮ್ಮ ಮನೆಯಲ್ಲಿ ಅಕ್ಕಿ ಅಳೆಯಲಿ, ನೂಲಿನ ಕಟ್ಟು ಎಣಿಸಲಿ, ಮೊದಲನೆಯದನ್ನು ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತೇವೆ. ಬಂದದ್ದು ಬೆಳೆಯಲಿ ಎಂದು. ಅಜ್ಜಿ ಮಗ್ಗದ ಪಕ್ಕ ಕೂರಿಸಿಕೊಂಡು ಕಲಿಸಿದ್ದು. ಅದು ಬಾಯಿಂದ ಬರುತ್ತಿದೆ ಎಂದು ನನಗೇ ತಿಳಿದಿರಲಿಲ್ಲ. ಭಾಷೆಯನ್ನು ಬಚ್ಚಿಡಲು ಹೊರಟವಳು ಎಂಟು ಹತ್ತು ದಿನಕ್ಕೊಮ್ಮೆ ನಲ್ಲಿಯ ಹತ್ತಿರ ನಿಂತು ಅದನ್ನು ಸಾರುತ್ತಿದ್ದೆ.

"ಮತ್ತೆ ಫೋನಲ್ಲಿ ಅಮ್ಮನ ಹತ್ರ ಹೇಳ್ತಿದ್ದದ್ದು?" ಎಂದೆ.

"ನಮ್ಮಮ್ಮ ಟೀಚರು. ಮೂರು ಗಂಟೆಗೆ ಕ್ಲಾಸಲ್ಲಿರ್ತಾಳೆ, ಫೋನ್ ಎತ್ತಲ್ಲ. ಎಲ್ಲಾ ನಿಂಗೇ ಹೇಳಿದ್ದು. ನೇರವಾಗಿ ಹೇಳೋಣ ಅಂದ್ರೆ ನೀನು ಕನ್ನಡ ಬರಲ್ಲ ಅಂದುಬಿಟ್ಟಿದ್ದೆ. ಅಮ್ಮನಿಗೆ ಹೇಳಿದ್ರೆ ಮಾರನೇ ದಿನವೇ ದಿಂಬು ಸರಿಹೋಗ್ತಿತ್ತು." ನಕ್ಕಳು. ಛತ್ರದ ಮಕ್ಕಳ ನಗುವಲ್ಲ ಅದು.

"ಹಾಸ್ಟೆಲ್ಲಿಗೆ ಹೋಗ್ತೀನಿ ಅಂದದ್ದೂ ಸುಳ್ಳಾ?"

ಅವಳು ನಗು ನಿಲ್ಲಿಸಿದಳು. "ಅದು ನಿಜ. ಸೂಟ್‌ಕೇಸು ಕಟ್ಟಿದೆ, ಹೋಗಿ ನೋಡು. ಇವತ್ತೂ ನೀನು ಮಾತಾಡ್ದೇ ಇದ್ದಿದ್ರೆ ನಾಡಿದ್ದು ಹೊರಟುಬಿಡ್ತಿದ್ದೆ."

ನಾನು ಅತ್ತುಬಿಟ್ಟೆ. ಅಳುತ್ತಲೇ, ಆರು ತಿಂಗಳಿನಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದದ್ದನ್ನು ನನ್ನ ಕನ್ನಡದಲ್ಲಿ ಹೊರಹಾಕಿದೆ: "ಒಳ್ಳೆ ನೀರ್ನ ತಲೆಗೆ ಹುಯ್ಕೋತೀಯಲ್ಲ, ಅಕಲು ಇದೆಯಾ ನಿಂಗೆ?"

"ಗೊತ್ತಿದ್ದೇ ಹುಯ್ಕೊಂಡೆ" ಎಂದಳು ಆ ಪುಣ್ಯಾತಗಿತ್ತಿ, ನಾಚಿಕೆಯಿಲ್ಲದೆ. "ಉಪ್ಪು ನೀರಿಗೆ ಕೂದಲು ಹಿಡಿ ಹಿಡಿ ಬರ್ತಿತ್ತು. ಇವತ್ತಾದ್ರೂ ಬೈತಾಳಾ ನೋಡೋಣ ಅಂತಾನೂ ಇತ್ತು. ಈಗ ಬೈದೆಯಲ್ಲ, ಬಿಡ್ತೀನಿ."

ಬಿಟ್ಟಳು, ಎರಡು ವಾರ. ಆಮೇಲೆ ತಲೆಗೆ ಕೊನೆಯ ಒಂದು ಚೊಂಬು ಮಾತ್ರ ಒಳ್ಳೆ ನೀರು ಎಂದು ಮೂವರೂ ಕೂತು ಒಪ್ಪಂದ ಮಾಡಿಕೊಂಡೆವು. ಸ್ಟೆಲ್ಲಾಳ ಟೀಗೆ ಬೇರೆ ಕೊಡ. ಆ ಕೊಡದ ಮೇಲೆ ಮೇಘನಾ ಮಾರ್ಕರಿನಲ್ಲಿ ಕನ್ನಡದಲ್ಲಿ 'ನೀರು' ಎಂದು ಬರೆದಳು. ನಾನು ಜನ್ಮದಲ್ಲಿ ಓದಿದ ಮೊದಲ ಕನ್ನಡ ಪದ ಅದು. ನಂತರ ಒಂದೊಂದು ಡಬ್ಬಿಯ ಮೇಲೂ ಒಂದೊಂದು ಹೆಸರು ಬಂತು. ಉಪ್ಪು, ಬೇಳೆ, ಸಕ್ಕರೆ, ಚಟ್ನಿಪುಡಿ. ಹೀಗೆ ಅಡುಗೆಮನೆಯ ಡಬ್ಬಿಗಳಲ್ಲಿ ಕಲಿತ ಅಕ್ಷರದಲ್ಲೇ ಇದನ್ನು ನಿಮಗೆ ಬರೆಯುತ್ತಿದ್ದೇನೆ. ತಪ್ಪಿದ್ದರೆ ಡಬ್ಬಿಯನ್ನು ಬೈಯಿರಿ. ಆದರೆ ಒದ್ದೆ ಟವೆಲು ಕಡೆಯವರೆಗೂ ನನ್ನ ಹಾಸಿಗೆಯ ಮೇಲೇ ಬೀಳುತ್ತಿತ್ತು. ಕೆಲವು ಗುಣ ಯಾವ ಭಾಷೆಯಲ್ಲಿ ಬೈದರೂ ಹೋಗುವುದಿಲ್ಲ.

ಇಷ್ಟೆಲ್ಲ ನೆನೆಯುತ್ತ ಟವೆಲು ಹಿಡಿದು ನಿಂತವಳಿಗೆ ಒಂದು ತುಂಟ ಬುದ್ಧಿ ಬಂತು. ಸುಮ್ಮನೆ, ಹಳೆಯ ಆಟ ಆಡಿ ನೋಡೋಣವೆಂದು. ಟವೆಲನ್ನು ಇದ್ದಲ್ಲೇ ಬಿಟ್ಟೆ. ಬಾಲ್ಕನಿಗೆ ಹೋಗಿ, ಯಾರಿಗೂ ಕರೆ ಹೋಗದ ಫೋನನ್ನು ಕಿವಿಗಿಟ್ಟು, ಮೇಘನಾಳ ಧಾಟಿಯಲ್ಲೇ ಕನ್ನಡದಲ್ಲಿ ಶುರುಮಾಡಿದೆ. "ಅಮ್ಮಾ, ಇಲ್ಲೊಬ್ರಿದ್ದಾರೆ. ಒದ್ದೆ ಟವೆಲ್ನ ದಿನಾ ನನ್ನ ಹಾಸಿಗೆ ಮೇಲೆ ಎಸೀತಾರೆ. ಹೇಳಿ ಹೇಳಿ ಸಾಕಾಯ್ತು."

ತಮಿಳಿನ ಮನುಷ್ಯನಿಗೆ ಇದು ಏನು ತಿಳಿದೀತು ಎಂದು ನನಗೇ ನಗು ಬಂತು. ತಣ್ಣಗಾದ ಕಾಫಿ ಕುಡಿದು ಮುಗಿಸಿ ಒಳಗೆ ಬಂದೆ.

ಮಂಚದ ಮೇಲೆ ಟವೆಲು ಇರಲಿಲ್ಲ. ಹಿಂದಿನ ತಂತಿಯ ಮೇಲೆ, ನಾಲ್ಕು ಮೂಲೆಯೂ ಬಿಡಿಸಿ, ಎರಡು ಕ್ಲಿಪ್ಪು ಹಾಕಿ ಒಣಗಲು ಬಿಟ್ಟಿತ್ತು.

ನಾನು ನಿಂತಲ್ಲೇ ನಿಂತೆ. ಮೂರು ವರ್ಷ. ಮೂರು ವರ್ಷದಿಂದ ಈ ಮನೆಯಲ್ಲಿ ಅವರ ಎದುರಿಗೇ ಕೂತು ಅಮ್ಮನ ಜೊತೆ ಫೋನಿನಲ್ಲಿ ಏನೇನು ಮಾತಾಡಿದ್ದೇನೆ? ಅವರ ಗೊರಕೆ, ಅವರ ಸೋದರತ್ತೆಯ ಮೂಗು, ಅವರು ಹಾಕುವ ಸಾಂಬಾರಿನ ಉಪ್ಪು. ನೆನೆದು ಕಿವಿ ಬಿಸಿಯಾಯಿತು. ಬೆಕ್ಕಿನಂತೆ ಹೆಜ್ಜೆಯಿಟ್ಟು ಅಡುಗೆಮನೆಯ ಬಾಗಿಲವರೆಗೆ ಹೋದೆ. ಅವರು ನನಗೆ ಬೆನ್ನು ಮಾಡಿ, ಡಬ್ಬಿಯಿಂದ ಪಾತ್ರೆಗೆ ಲೋಟದಲ್ಲಿ ಅಕ್ಕಿ ಅಳೆಯುತ್ತಿದ್ದರು. ತಮಗೇ ಕೇಳಿಸುವಷ್ಟು ಮೆಲ್ಲಗೆ ಎಣಿಸುತ್ತಿದ್ದರು.

"ಲಾಭ. ಎರಡು."

ಹಿಂದಕ್ಕೆ ಬಂದೆ. ಫೋನನ್ನು ಮತ್ತೆ ಕಿವಿಗಿಟ್ಟೆ. ಕರೆ ಯಾರಿಗೂ ಹೋಗಿರಲಿಲ್ಲ. "ಆದ್ರೂ ಅಮ್ಮಾ" ಎಂದೆ, ಸ್ವಲ್ಪ ಗಟ್ಟಿಯಾಗಿ, ನಮ್ಮ ಬೀದಿಯ ಕನ್ನಡದಲ್ಲಿ, "ನಂಗೆ ಇವ್ರನ್ನ ಕಂಡ್ರೆ ರೊಂಬ ಇಷ್ಟ."

ಒಳಗೆ ಎಣಿಕೆ ನಿಂತಿತು. ಅಕ್ಕಿ ಮತ್ತೆ ಡಬ್ಬಿಗೆ ಸುರಿದ ಸದ್ದು ಕೇಳಿತು. ಲೆಕ್ಕ ತಪ್ಪಿತ್ತು, ಮೊದಲಿನಿಂದ ಶುರುವಾಯಿತು.

"ಲಾಭ."